ಸಹಾಯ ಬೇಕು: ಸಂಘದ ಹಳೆಯ ಕಡತಗಳನ್ನು ಉಳಿಸಿಕೊಳ್ಳಲು (ಪುಣೆ)

ಪುಣೆಯ ಕನ್ನಡಿಗರಿಗೆಲ್ಲ ನಮಸ್ಕಾರ. ನಾನು ಇಲ್ಲಿನ ಸಸ್ಯವಿಜ್ಞಾನಿಗಳ ಸಂಘವೊಂದರ ಸಹಕಾರ್ಯದರ್ಶಿ. ವರ್ಷಕ್ಕೆರಡು ಸಭೆ ಕರೆದರೆ ಮುಗಿಯಿತು ಎಂದುಕೊಂಡು ಒಪ್ಪಿದ್ದೆ; ಕೈಗೆ ಬಂದದ್ದು ಮೂರು ಕಬ್ಬಿಣದ ಬೀರುಗಳ ಬೀಗದ ಕೈ.

ಒಳಗೆ ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರು, ರಸೀದಿ ಕಟ್ಟುಗಳು ಒಂದರ ಮೇಲೊಂದು ಬಿದ್ದಿವೆ. ಗುಂಡುಸೂಜಿಗಳು ತುಕ್ಕು ಹಿಡಿದು ಕಾಗದಕ್ಕೇ ಕಚ್ಚಿಕೊಂಡಿವೆ, ಎಳೆದರೆ ಹಾಳೆಯ ಮೂಲೆ ಪುಡಿಯಾಗುತ್ತದೆ. ಯಾರೋ ಪುಣ್ಯಾತ್ಮರು ಹರಿದ ಪುಟಗಳಿಗೆ ಸೆಲ್ಲೋಟೇಪ್ ಹಚ್ಚಿದ್ದಾರೆ. ಟೇಪ್ ಉದುರಿದೆ, ಕಂದು ಕಲೆ ಮಾತ್ರ ಅಧ್ಯಕ್ಷರ ಸಹಿಯ ಮೇಲೆ ಕುಳಿತಿದೆ. ಹಳೆಯ ಫ್ಯಾಕ್ಸ್‌ಗಳಂತೂ ಅಕ್ಷರ ಅಳಿಸಿ ಬಿಳಿ ಹಾಳೆಗಳಾಗಿವೆ.

ಅವಸರಕ್ಕೆ ಕಾರಣವಿದೆ. ಮಹಾರಾಷ್ಟ್ರದಲ್ಲಿ 1860ರ ಸಂಘಗಳ ನೋಂದಣಿ ಕಾಯ್ದೆಯಡಿಯ ನಮ್ಮಂಥ ಸಂಘ 1950ರ ಸಾರ್ವಜನಿಕ ನ್ಯಾಸಗಳ (ಟ್ರಸ್ಟ್‌ಗಳ) ಕಾಯ್ದೆಗೂ ಒಳಪಡುತ್ತದೆ. ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ, ಇಂಥ ಸಂಸ್ಥೆಗಳ ಮೇಲ್ವಿಚಾರಣೆ ನೋಡುವ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆ ವರದಿ ಕೊಡಬೇಕು. ನಮ್ಮ ಹಿಂದಿನವರು ಗಿಡಗಳ ಲ್ಯಾಟಿನ್ ಹೆಸರುಗಳನ್ನು ಮರೆಯಲಿಲ್ಲ, ಇದನ್ನು ಮಾತ್ರ ಹಲವು ಸಲ ಮರೆತರು. ಈಗ ವಿಳಂಬ ಮನ್ನಿಸಿ ಎಂದು ಕೇಳಿಕೊಳ್ಳುವುದಕ್ಕೂ ಆಯಾ ಚುನಾವಣೆಯ ನಡಾವಳಿ ಬೇಕು.

ಕಾಗದ ಸಂರಕ್ಷಣೆ ಬಲ್ಲವರು ಯಾರಾದರೂ ಬಂದು ಒಮ್ಮೆ ನೋಡುವಿರಾ? ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿಬಿಡಿ ಎಂದು ಹಿರಿಯ ಸದಸ್ಯರೊಬ್ಬರು ಹಟ ಹಿಡಿದಿದ್ದಾರೆ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಬಿಡಿಸಲಾಗದು ಎಂದು ತಡೆದಿದ್ದೇನೆ. ಗೀಚಿದಂತಿರುವ ಮರಾಠಿ ಕೈಬರಹ ಓದಬಲ್ಲವರೂ, ಬದಲಾವಣೆ ವರದಿ ಸಲ್ಲಿಸಿ ಅನುಭವವಿರುವವರೂ ಬೇಕು. ಭಾನುವಾರ ಬೆಳಿಗ್ಗೆ ಹತ್ತರಿಂದ ಬೀರು ತೆರೆದಿರುತ್ತದೆ. ಧೂಳಿನ ಅಲರ್ಜಿ ಇದ್ದವರು ದಯವಿಟ್ಟು ಮಾಸ್ಕ್ ತನ್ನಿ. ಊಟ ನಮ್ಮ ಮನೆಯದು, ಜೋಳದ ರೊಟ್ಟಿ.