ಹಳದಿ ಬಣ್ಣದ ಫಾರ್ವರ್ಡೂ ಅತ್ತಿಗೆಯ ಮ್ಯಾಮೊಗ್ರಾಮೂ

ಜಯನಗರ ಚಿಕ್ಕಪ್ಪ: “ತಿಂಡಿಗೆ ಹಾಕುವ ಹಳದಿ ಬಣ್ಣ ಹಚ್ಚಿದರೆ ಚರ್ಮ ಗಾಜಿನಂತಾಗಿ ಒಳಗಿನದೆಲ್ಲ ಕಾಣುತ್ತದೆ, ಇನ್ನು ಎಕ್ಸ್‌ರೇ ಬೇಡ.” ಎಲ್ಲರೂ ಓದಿ. ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಪ್ರಯೋಗ, ಗಾಳಿಸುದ್ದಿಯಲ್ಲ.

ಸುಮಾ ಅತ್ತಿಗೆ: ಮಾವ, ನನಗೆ ಬುಧವಾರ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ ತಪಾಸಣೆ, ಇದೆ. ಎರಡು ಫಲಕಗಳ ನಡುವೆ ಒತ್ತಿ ಹಿಡಿಯುವ ನೋವು, ಮೇಲೆ ಎಕ್ಸ್‌ರೇ ಬೇರೆ. ಬೆಳಕಿನಿಂದಲೇ ನೋಡುವ ಕಾಲ ಬಂದಿದ್ದರೆ ಒಂದು ವರ್ಷ ಕಾಯಬಾರದೇ?

ರಘು: ಅತ್ತಿಗೆ, ದಯವಿಟ್ಟು ಕಾಯಬೇಡಿ. ಚಿಕ್ಕಪ್ಪ, ಪ್ರಯೋಗ ನಿಜ. 2024ರ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಆದರೆ ಅದು ನಡೆದದ್ದು ಇಲಿಗಳ ಮೇಲೆ. ಚರ್ಮದಾಚೆಗೆ ನಮಗೆ ಕಾಣದಿರಲು ಮುಖ್ಯ ಕಾರಣ ಬೆಳಕಿನ ಚದುರುವಿಕೆ: ಊತಕದೊಳಗಿನ ನೀರಿಗೂ ಕೊಬ್ಬು, ಪ್ರೋಟೀನುಗಳಿಗೂ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಬೇರೆಬೇರೆಯಾಗಿರುವುದರಿಂದ ಬೆಳಕು ಹೆಜ್ಜೆಹೆಜ್ಜೆಗೂ ದಿಕ್ಕು ತಪ್ಪುತ್ತದೆ. ಟಾರ್ಟ್ರಜೀನ್ ಎಂಬ ಆ ಬಣ್ಣ ನೀರಿನಲ್ಲಿ ಕರಗಿದಾಗ, ಕೆಂಪು ಬೆಳಕಿನ ಮಟ್ಟಿಗೆ, ನೀರಿನ ಸೂಚ್ಯಂಕ ಏರಿ ಕೊಬ್ಬಿನದಕ್ಕೆ ಸಮೀಪಿಸುತ್ತದೆ, ಚದುರುವಿಕೆ ತಗ್ಗುತ್ತದೆ. ತೊಳೆದರೆ ಚರ್ಮ ಮೊದಲಿನಂತಾಗುತ್ತದೆ. ಬಹಳ ಸುಂದರವಾದ ಕೆಲಸ, ಆದರೆ ನಮ್ಮ ಚರ್ಮ ಇಲಿಯದಕ್ಕಿಂತ ಹಲವು ಪಟ್ಟು ದಪ್ಪ.

ಜಯನಗರ ಚಿಕ್ಕಪ್ಪ: ನನ್ನ ರೆಟಿನಾವನ್ನು ಬೆಳಕಿನಿಂದಲೇ ಸ್ಕ್ಯಾನ್ ಮಾಡಿದರಲ್ಲ? ಗದ್ದವನ್ನು ಆನಿಸಿ ಚುಕ್ಕೆಯೊಂದನ್ನು ದಿಟ್ಟಿಸುತ್ತ ಕುಳಿತಿದ್ದೆ, ಅಷ್ಟರಲ್ಲೇ ಪರದೆಯ ಮೇಲೆ ಪದರಪದರವಾಗಿ ಮೂಡಿತು. ಕಣ್ಣಿಗೆ ಸಾಧ್ಯವಾದದ್ದು ಉಳಿದ ಅಂಗಗಳಿಗೆ ಏಕೆ ಸಾಧ್ಯವಿಲ್ಲ?

ರಘು: ಅದು ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ), ಬೆಳಕಿನಿಂದ ಪದರಗಳ ಚಿತ್ರ ತೆಗೆಯುವ ವಿಧಾನ. 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಲೋಕಕ್ಕೆ ತೋರಿಸಿತು. ಕಣ್ಣಿನ ಮುಂಭಾಗ ತಾನಾಗಿಯೇ ಪಾರದರ್ಶಕವಾಗಿರುವುದರಿಂದ ಅಲ್ಲಿ ಅದು ಅಷ್ಟು ಚೆನ್ನಾಗಿ ಒದಗಿಬಂತು. ಚರ್ಮದಲ್ಲಿ ಅದರ ನೋಟ ಒಂದೆರಡು ಮಿಲಿಮೀಟರಿಗೇ ನಿಲ್ಲುತ್ತದೆ, ಸ್ತನದ ಗಂಟು ಸೆಂಟಿಮೀಟರುಗಳ ಆಳದಲ್ಲಿರಬಹುದು. ಆ ಆಳಕ್ಕೆ ನನಗೆ ಹೆಚ್ಚು ಭರವಸೆಯಿರುವುದು ಫೋಟೊಅಕೌಸ್ಟಿಕ್ ವಿಧಾನದಲ್ಲಿ. ಲೇಸರ್ ಮಿಡಿತವನ್ನು ಹೀರಿದ ರಕ್ತ ಕ್ಷಣಮಾತ್ರ ಬಿಸಿಯಾಗಿ ಹಿಗ್ಗುತ್ತದೆ, ಆಗ ಹೊಮ್ಮುವ ಸದ್ದನ್ನು ಅಲ್ಟ್ರಾಸೌಂಡ್ ಸಂವೇದಕ ಹಿಡಿಯುತ್ತದೆ. ಸದ್ದು ಬೆಳಕಿನಷ್ಟು ಚದುರುವುದಿಲ್ಲವಾದ್ದರಿಂದ ಕೆಲವು ಸೆಂಟಿಮೀಟರುಗಳವರೆಗೆ ಚಿತ್ರ ಸಿಗುತ್ತದೆ. ಮೂಲ ಪರಿಣಾಮವನ್ನು ಗ್ರಹಾಂ ಬೆಲ್ 1880ರಲ್ಲೇ ಗುರುತಿಸಿದ್ದರು. ನಮ್ಮೂರಿನ ಐಐಎಸ್‌ಸಿಯಲ್ಲೂ ಇದರ ಸಂಶೋಧನೆ ನಡೆಯುತ್ತಿದೆ. ಆದರೂ ಮ್ಯಾಮೊಗ್ರಾಮಿನ ಜಾಗದಲ್ಲಿ ನಿಲ್ಲುವ ಮಟ್ಟಕ್ಕೆ ಅದಿನ್ನೂ ಬಂದಿಲ್ಲ.

ಸುಮಾ ಅತ್ತಿಗೆ: ಎಕ್ಸ್‌ರೇಯ ಅಪಾಯ?

ರಘು: ಒಂದು ಮ್ಯಾಮೊಗ್ರಾಮಿಗೆ ಸುಮಾರು 0.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ನೆಲ, ಗಾಳಿ, ಆಕಾಶಗಳಿಂದ ವರ್ಷವಿಡೀ ನಮಗೆ ತಗಲುವ ವಿಕಿರಣ ಇದರ ಹಲವು ಪಟ್ಟು. ತಡವಾಗಿ ಪತ್ತೆಯಾಗುವ ಗಂಟಿನ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು.

ಜಯನಗರ ಚಿಕ್ಕಪ್ಪ: ಸೂಜಿ ಚುಚ್ಚುವಾಗ ರಕ್ತನಾಳ ಹುಡುಕಲು ಮುಂದೆ ಈ ಬಣ್ಣ ನೆರವಾದೀತೆಂದು ಸ್ಟ್ಯಾನ್‌ಫರ್ಡಿನ ಸಂಶೋಧಕರೇ ಹೇಳಿದ್ದಾರೆ. ಆದ್ದರಿಂದ ಸುದ್ದಿಯನ್ನು ನಾನು ಅಳಿಸುವುದಿಲ್ಲ.

ರಘು: ಸುದ್ದಿ ಇರಲಿ ಚಿಕ್ಕಪ್ಪ. “ಇನ್ನು ಎಕ್ಸ್‌ರೇ ಬೇಡ” ಎಂಬ ಸಾಲನ್ನು ಮಾತ್ರ ತೆಗೆದು ಮತ್ತೆ ಕಳುಹಿಸಿ. ಆ ಸಾಲು ಸಂಶೋಧಕರದ್ದಲ್ಲ.

ಸುಮಾ ಅತ್ತಿಗೆ: ಬುಧವಾರ ಹೋಗಿಬರುತ್ತೇನೆ. ಹೋಲಿಸಿ ನೋಡಲು ಹಿಂದಿನ ಸಲದ ಫಿಲ್ಮುಗಳನ್ನೂ ಒಯ್ಯುತ್ತೇನೆ.