ಸಿಂಥೆಟಿಕ್ ಹಗ್ಗಕ್ಕೆ ಯಾವ ಫೇರ್‌ಲೀಡ್? ಹಳೇ ರೋಲರ್ ಇರಲಾ, ಹಾಸ್ ಹಾಕಿಸಲಾ?

ಪ್ರಶ್ನೆ, ಮೂಡಿಗೆರೆಯಿಂದ:

ನಮ್ಮದು ಥಾರ್. ತೋಟದ ಕೆಲಸಕ್ಕೂ ಮಳೆಗಾಲದ ಆಫ್‌ರೋಡ್‌ಗೂ ಅದೇ ಗಾಡಿ. 9,500 ಪೌಂಡ್ ಎಳೆಯುವ ವಿಂಚ್ ಇದೆ, ಅಂದರೆ ಮುಂದಿನ ಬಂಪರ್ ಹತ್ತಿರ ಡ್ರಮ್ಮಿಗೆ ಹಗ್ಗ ಸುತ್ತಿ ಎಳೆಯುವ ಮೋಟಾರ್ ಯಂತ್ರ. ಇಷ್ಟು ದಿನ ಅದರಲ್ಲಿ ಸ್ಟೀಲ್ ವೈರ್ ರೋಪ್ ಇತ್ತು. ಈಗ ಎಳೆ ಎದ್ದು ಗ್ಲೌಸ್ ಹಾಕಿದ್ದರೂ ಕೈಗೆ ಚುಚ್ಚುತ್ತಿದೆ. ಹಾಗಾಗಿ 10 ಮಿ.ಮೀ. ಸಿಂಥೆಟಿಕ್ ಹಗ್ಗ ತರಿಸಿದ್ದೇನೆ. ಫೇರ್‌ಲೀಡ್, ಅಂದರೆ ಹಗ್ಗ ಬಂಪರ್‌ನಿಂದ ಹೊರಬರುವ ಕಡೆ ಅದಕ್ಕೆ ದಾರಿ ಕೊಡುವ ಭಾಗ, ಯಾವುದು ಅನ್ನುವುದೇ ಪ್ರಶ್ನೆ. ಫಿಟ್ಟಿಂಗ್ ಮಾಡುವವರು ತಿರುಗುವ ಉರುಳೆಗಳಿರುವ ಹಳೇ ರೋಲರ್ ಫೇರ್‌ಲೀಡೇ ಸಾಕು ಅನ್ನುತ್ತಾರೆ. ಗೆಳೆಯರು ಅಲ್ಯೂಮಿನಿಯಂ ಹಾಸ್ (ಉರುಳೆಯಿಲ್ಲದ, ನಯವಾದ ಬಾಯಿಯ ಒಂದೇ ತುಂಡಿನ ಫೇರ್‌ಲೀಡ್) ಹಾಕಿಸು ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ನೋಡಿದರೆ ಒಂದೇ ತರ ಕಾಣುವ ಹಾಸ್‌ಗಳ ಬೆಲೆಯಲ್ಲಿ ಅಜಗಜಾಂತರ. ಬಳಸಿದವರು ದಯವಿಟ್ಟು ಹೇಳಿ.

ಸಕಲೇಶಪುರದಿಂದ:

ಹಳೇ ರೋಲರ್ ಮೇಲೆ ಹೊಸ ಹಗ್ಗ ಮಾತ್ರ ಬೇಡ ಸರ್. ಒಂದು ಸಲ ಗಾಡಿ ಮುಂದೆ ಕೂತು ರೋಲರ್‌ಗಳನ್ನು ನಿಧಾನವಾಗಿ ತಿರುಗಿಸಿ ನೋಡಿ. ವೈರ್ ಕೊರೆದ ಗೀರುಗಳು ಕಾಣುತ್ತವೆ. ಅವುಗಳ ಅಂಚು ಬ್ಲೇಡ್ ಹಾಗೆ ಇರುತ್ತದೆ. ಈ ಹಗ್ಗ ತೂಕಕ್ಕೆ ತೂಕ ನೋಡಿದರೆ ಉಕ್ಕಿಗಿಂತ ಎಷ್ಟೋ ಗಟ್ಟಿ, ಆದರೆ ಹರಿತವಾದ ಅಂಚಿಗೆ ಸಿಕ್ಕರೆ ಎಳೆ ಎಳೆಯಾಗಿ ಕತ್ತರಿಸಿ ಹೋಗುತ್ತದೆ. ನಮ್ಮ ಗುಂಪಿನ ಒಂದು ಜಿಪ್ಸಿಯಲ್ಲಿ ಹೀಗೇ ಹಳೇ ರೋಲರ್ ಉಳಿಸಿಕೊಂಡಿದ್ದರು. ಮೊದಲ ಮಳೆಗಾಲದಲ್ಲೇ ಹೊಸ ಹಗ್ಗದ ಮೇಲೆಲ್ಲ ಜುಂಗು ಎದ್ದಿತ್ತು.

ಇನ್ನೊಂದು ತೊಂದರೆ ರೋಲರ್‌ಗಳ ಮೂಲೆಯಲ್ಲಿದೆ. ಅಡ್ಡ ರೋಲರೂ ನಿಂತ ರೋಲರೂ ಸೇರುವ ಕಡೆ ಸಣ್ಣ ಸಂದು ಇರುತ್ತದೆ. ವೈರ್ ಬಿರುಸಾದದ್ದು, ಅಲ್ಲಿ ನುಗ್ಗುವುದಿಲ್ಲ. ಸಿಂಥೆಟಿಕ್ ಹಗ್ಗ ಭಾರ ಬಿದ್ದಾಗ ಚಪ್ಪಟೆಯಾಗುತ್ತದೆ. ಓರೆಯಾಗಿ ಎಳೆಯುವಾಗ ಆ ಸಂದಿಗೆ ಸಿಕ್ಕಿಕೊಂಡು ಹಿಸುಕಿ ಹೋಗುತ್ತದೆ.

ಹಾಗಾಗಿ ಹಾಸ್ ಹಾಕಿಸಿ. ಆದರೆ ಬೆಲೆ ನೋಡಿಯೋ ಬಣ್ಣ ನೋಡಿಯೋ ತರಬೇಡಿ. ನೋಡಬೇಕಾದದ್ದು ಬಾಯಿಯ ಅಂಚು ಎಷ್ಟು ದುಂಡಗಿದೆ ಅನ್ನುವುದು. ಒಂದು ಇಂಚು ದಪ್ಪದ್ದೂ ಸಿಗುತ್ತದೆ, ಒಂದೂವರೆ ಇಂಚಿನದ್ದೂ ಸಿಗುತ್ತದೆ. ದಪ್ಪ ಜಾಸ್ತಿಯಾದಷ್ಟೂ ಅಂಚನ್ನು ದೊಡ್ಡದಾಗಿ ದುಂಡಗೆ ಮಾಡಲು ಜಾಗವಿರುತ್ತದೆ. ಹಗ್ಗ ಆಗ ಸುಲಭವಾಗಿ ಬಾಗುತ್ತದೆ. ಸಣ್ಣ ಅಂಚಿನ ಮೇಲೆ ಚೂಪಾಗಿ ಬಾಗಿದರೆ ಹೊರಗಿನ ಎಳೆಗಳ ಮೇಲೇ ಭಾರವೆಲ್ಲ ಬೀಳುತ್ತದೆ. ದಪ್ಪ ಹಾಸ್ ಬಂಪರ್‌ನಿಂದ ಸ್ವಲ್ಪ ಮುಂದೆ ಚಾಚುತ್ತದೆ, ಕಡಿದಾದ ಏರಿನಲ್ಲಿ ತಾಗಬಹುದು. ಥಾರ್‌ಗೆ ಅದು ದೊಡ್ಡ ತಲೆನೋವಲ್ಲ.

ತುಂಬಾ ಜನ ನೋಡದೇ ಇರುವುದು ಹಿಂಬದಿ. ಡ್ರಮ್ಮಿನ ತುದಿಯಿಂದ ಬರುವ ಹಗ್ಗ ಮೊದಲು ಉಜ್ಜುವುದೇ ಹಾಸ್‌ನ ಹಿಂದಿನ ಅಂಚಿಗೆ. ಅಗ್ಗದ ಹಾಸ್‌ಗಳಲ್ಲಿ ಮುಂದೆ ಚೆಂದ ದುಂಡಗೆ ಮಾಡಿ, ಹಿಂದೆ ಎರಕದ ಅಂಚನ್ನು ಹಾಗೇ ಬಿಟ್ಟಿರುತ್ತಾರೆ. ನೀವು ಕೇಳಿದ ಬೆಲೆಯ ವ್ಯತ್ಯಾಸದ ಅರ್ಧ ಉತ್ತರ ಇಲ್ಲೇ ಇದೆ. ಉಳಿದರ್ಧ ಮೇಲ್ಮೈಯದು. ಬರೀ ಪೌಡರ್ ಕೋಟಿಂಗ್ ಆದರೆ ಹಗ್ಗ ಓಡಾಡುವ ಕಡೆ ಬೇಗ ಎದ್ದುಹೋಗುತ್ತದೆ, ಅದರ ಚಕ್ಕೆಯ ಅಂಚೇ ಒರಟು. ಪಾಲಿಶ್ ಮಾಡಿದ್ದು ಅಥವಾ ಗಟ್ಟಿ ಆನೊಡೈಸ್ ಮಾಡಿದ್ದು (ಅಲ್ಯೂಮಿನಿಯಂ ಮೇಲ್ಮೈಯನ್ನೇ ಗಡಸು ಪದರವಾಗಿಸಿದ್ದು) ಒಳ್ಳೆಯದು.

ಅಂಗಡಿಯಲ್ಲಿ ಒಂದು ಚೂರು ಹತ್ತಿ ತೆಗೆದುಕೊಂಡು ಒಳಗಿನ ಅಂಚಿನ ಸುತ್ತ ಸವರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಿಮ್ಮ ಹಗ್ಗವೂ ಸವೆಯುತ್ತದೆ.

ಮಡಿಕೇರಿಯಿಂದ:

ಮೇಲೆ ಹೇಳಿದ್ದು ಸರಿ. ಆದರೂ ರೋಲರ್‌ನ ಪರವಾಗಿ ಒಂದು ಮಾತು. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಮರ ಎಳೆಯುವಾಗ ಗಾಡಿಯನ್ನು ನೇರ ನಿಲ್ಲಿಸಲು ಜಾಗವೇ ಸಿಗುವುದಿಲ್ಲ. ದಿನಾ ಓರೆಯಾಗಿ ಎಳೆಯುವವರಿಗೆ ರೋಲರ್‌ನಲ್ಲಿ ಉಜ್ಜಾಟ ಕಮ್ಮಿ. ಷರತ್ತು ಏನೆಂದರೆ ರೋಲರ್ ಹೊಸದಿರಬೇಕು, ವೈರ್ ಅದನ್ನು ಒಮ್ಮೆಯೂ ಮುಟ್ಟಿರಬಾರದು, ಮೂಲೆಯ ಸಂದು ನಿಮ್ಮ ಹಗ್ಗಕ್ಕಿಂತ ಬಹಳ ಸಣ್ಣದಿರಬೇಕು.

ನಮ್ಮ ಮಳೆಯಲ್ಲಿ ಆ ಷರತ್ತು ಪಾಲಿಸುವುದೇ ಕಷ್ಟ. ಕೆಮ್ಮಣ್ಣು ರೋಲರ್ ತುದಿಯ ಬುಶ್‌ಗಳೊಳಗೆ ಸೇರಿ ಒಣಗುತ್ತದೆ, ಪಿನ್ ತುಕ್ಕು ಹಿಡಿಯುತ್ತದೆ, ಒಂದು ರೋಲರ್ ತಿರುಗುವುದು ನಿಲ್ಲುತ್ತದೆ. ತಿರುಗದ ರೋಲರ್‌ಗಿಂತ ಹಾಸೇ ವಾಸಿ. ಗ್ರೀಸ್ ಹಚ್ಚಿದರೆ ಅದು ಹಗ್ಗಕ್ಕೆ ಮೆತ್ತಿಕೊಂಡು ಮರಳನ್ನೆಲ್ಲ ಹಿಡಿದಿಡುತ್ತದೆ.

ನಾನೀಗ ಹಾಸ್ ಇಟ್ಟುಕೊಂಡು, ಓರೆ ಎಳೆತ ಬಂದಾಗ ಗಾಡಿಯ ಮುಂದೆ ನೇರಕ್ಕಿರುವ ಗಟ್ಟಿ ಮರಕ್ಕೆ ಅಗಲದ ಪಟ್ಟಿ ಸುತ್ತಿ, ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯಿಸುವ ರಾಟೆ) ಕಟ್ಟಿ ದಿಕ್ಕು ತಿರುಗಿಸುತ್ತೇನೆ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ. ಆದರೆ ಹಗ್ಗ ಡ್ರಮ್ಮಿನ ಒಂದೇ ಮಗ್ಗುಲಿಗೆ ರಾಶಿ ಬೀಳುವುದೂ ತಪ್ಪುತ್ತದೆ. ಆ ಮರದ ಮೇಲೆ ಹಗ್ಗದ ಎರಡೂ ಬದಿಯ ಎಳೆತ ಬೀಳುತ್ತದೆ, ಅದಕ್ಕೇ ಬೇರು ಗಟ್ಟಿಯಿರುವ ಮರ ನೋಡಿ.

ಬೆಂಗಳೂರಿನಿಂದ, ಲೇತ್ ಕೆಲಸದವರು:

ಕೊಳ್ಳುವ ಮೊದಲು ಬೋಲ್ಟ್ ತೂತುಗಳ ಅಂತರ ಅಳೆಯಿರಿ. ಈ ಗಾತ್ರದ ವಿಂಚ್‌ಗಳಿಗೆ ಸಾಮಾನ್ಯವಾಗಿ 10 ಇಂಚು, ಅಂದರೆ 254 ಮಿ.ಮೀ. ಎಟಿವಿಗೆ (ಬೈಕ್ ತರ ಕೂತು ಓಡಿಸುವ ನಾಲ್ಕು ಚಕ್ರದ ಸಣ್ಣ ಆಫ್‌ರೋಡ್ ಗಾಡಿ) ಬರುವ ಸಣ್ಣ ಹಾಸ್‌ಗಳೂ ಅದೇ ಪಟ್ಟಿಯಲ್ಲಿ ಕಾಣುತ್ತವೆ, ಫೋಟೋ ನೋಡಿ ಆರ್ಡರ್ ಮಾಡಿದರೆ ಕೂರುವುದಿಲ್ಲ.

ಹಾಸ್ ಎಷ್ಟೇ ಒಳ್ಳೆಯದಿದ್ದರೂ ಅದರ ಹಿಂದಿನ ಬಂಪರ್ ಪ್ಲೇಟಿನ ಕಿಂಡಿ ಹಾಸ್‌ನ ಬಾಯಿಗಿಂತ ಸಣ್ಣದಿದ್ದರೆ ಎಲ್ಲಾ ದಂಡ. ಗ್ಯಾಸ್ ಕಟಿಂಗ್ ಮಾಡಿದ ಪ್ಲೇಟಿನ ಅಂಚು ಗರಗಸ ಇದ್ದಂತೆ. ಕಿಂಡಿಯನ್ನು ದೊಡ್ಡದು ಮಾಡಿಸಿ, ಅಂಚನ್ನು ಗ್ರೈಂಡ್ ಮಾಡಿಸಿ. ನಂಬರ್ ಪ್ಲೇಟನ್ನು ಹಾಸ್ ಮುಂದೆಯೇ ಕೂರಿಸಿದ್ದರೆ ಎಳೆಯುವ ಮೊದಲು ಮೇಲೆತ್ತಲು ಬರಬೇಕು. ಆ ತೆಳು ತಗಡು ಹಗ್ಗಕ್ಕೆ ತಾಗಬಾರದು.

ಸ್ಟೀಲ್ ಹಾಸ್ ಬಗ್ಗೆ ಕೇಳುವವರಿಗೆ: ಹೊಡೆತ ತಡೆಯುತ್ತದೆ ನಿಜ, ಆದರೆ ತುಕ್ಕು ಬಂದ ದಿನವೇ ಎಮರಿ ಪೇಪರ್ ಆಗುತ್ತದೆ. ಅಲ್ಯೂಮಿನಿಯಂ ಮೆತ್ತಗೆ. ಕಲ್ಲು ಬಡಿದು ಗಾಯವಾಗುತ್ತದೆ, ಆದರೆ ಮನೆಯಲ್ಲೇ ಸರಿಮಾಡಬಹುದು. ಉಬ್ಬನ್ನು ಅರದಿಂದ ಇಳಿಸಿ, 220, 400, 600 ನಂಬರಿನ ಎಮರಿ ಪೇಪರ್ ಒಂದಾದ ಮೇಲೊಂದು ಹೊಡೆಯಿರಿ. ಗಾಯ ಆಳವಿದ್ದರೆ ಬದಲಾಯಿಸಿ.

ಮೂಡಿಗೆರೆಯಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ರೋಲರ್ ನೋಡಿದೆ, ಕೆಳಗಿನ ಅಡ್ಡ ರೋಲರ್ ತುಂಬಾ ಗೀರು. ಹಾಸೇ ಹಾಕಿಸುತ್ತೇನೆ. ಆದರೆ ಹಾಸ್ ಬಿಸಿಯಾಗಿ ಹಗ್ಗ ಕರಗುತ್ತದೆ ಅನ್ನುತ್ತಾರಲ್ಲ, ನಿಜವಾ?

ಮಸ್ಕತ್‌ನಿಂದ:

ಇಲ್ಲಿನ ಬಿಸಿಲಿನಲ್ಲಿ ನಾನು ಹಾಸ್ ಬಳಸುತ್ತಿದ್ದೇನೆ, ಹಾಸ್‌ನಿಂದ ಹಗ್ಗ ಕರಗಿದ್ದು ನೋಡಿಲ್ಲ. ಹಗ್ಗ ಕರಗುವುದು 150 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಬಲ ಕುಂದುತ್ತದೆ, ಹಾಗಾಗಿ 65–70 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಭಾರ ಎಳೆಯುವಾಗ ವಿಂಚ್ ನಿಮಿಷಕ್ಕೆ ಕೆಲವೇ ಮೀಟರ್ ಓಡುತ್ತದೆ. ಅಷ್ಟು ನಿಧಾನದಲ್ಲಿ ಅಲ್ಯೂಮಿನಿಯಂ ಶಾಖವನ್ನು ಸುಲಭವಾಗಿ ಹರಡಿಬಿಡುತ್ತದೆ.

ನಿಜವಾದ ಬಿಸಿ ಡ್ರಮ್ಮಿನೊಳಗೆ. ಅನೇಕ ವಿಂಚ್‌ಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಇಳಿಜಾರಿನಲ್ಲಿ ವಿಂಚ್‌ನಿಂದ ಗಾಡಿಯನ್ನು ಕೆಳಗೆ ಬಿಡುವಾಗ ಆ ಬ್ರೇಕ್ ಕಾದು ಒಳಗಿನ ಸುತ್ತನ್ನು ಸುಡುತ್ತದೆ. ಹಗ್ಗದ ಬುಡಕ್ಕೆ ಶಾಖ ತಡೆಯುವ ಕವಚ (ಸ್ಲೀವ್) ಹಾಕಿರುವುದು ಅದಕ್ಕೇ, ಕಿತ್ತೆಸೆಯಬೇಡಿ. ಇಳಿಸುವಾಗ ಮಧ್ಯೆ ಮಧ್ಯೆ ನಿಲ್ಲಿಸಿ ಆರಲು ಬಿಡಿ.

ಹಾಸ್‌ಗೆ ನಾನು ಹೆದರುವುದು ಮರಳಿಗೆ. ಹೆಣಿಗೆಯೊಳಗೆ ಮರಳು ಕೂತರೆ, ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಗೆರೆ ಕೊರೆದ ಹಾಗೆ ಅಲ್ಯೂಮಿನಿಯಂನಲ್ಲೂ ಕೊರೆಯುತ್ತದೆ. ನಿಮ್ಮ ಕೆಸರೂ ಕಮ್ಮಿಯಲ್ಲ. ಕೆಲಸ ಮುಗಿದ ಮೇಲೆ ಹಗ್ಗವನ್ನು ಪೂರ್ತಿ ಬಿಚ್ಚಿ ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಸುತ್ತಿ.

ಸಕಲೇಶಪುರದಿಂದ:

ಒಂದು ಸೇರಿಸುತ್ತೇನೆ. ಹುಕ್ಕನ್ನು ಹಾಸ್‌ಗೆ ತಾಗುವಷ್ಟು ಎಳೆದು ಬಿಗಿ ಮಾಡಬೇಡಿ. ಗಾಡಿ ಕುಲುಕುವಾಗ ಹುಕ್ ಬಡಿದು ಬಾಯಿಗೇ ಗಾಯವಾಗುತ್ತದೆ. ಹಗ್ಗಕ್ಕೆ ರಬ್ಬರ್ ಸ್ಟಾಪರ್ ಹಾಕಿ, ಅದು ಹಾಸ್‌ಗೆ ಇನ್ನೇನು ತಾಗಬೇಕು ಅನ್ನುವಾಗ ಸ್ವಿಚ್ ಬಿಡಿ. ಕೊನೆಯ ಒಂದೆರಡು ಅಡಿ ಗುಂಡಿಯನ್ನು ಒತ್ತಿ ಒತ್ತಿ ಬಿಡುತ್ತಾ ಸುತ್ತಿ, ಬೆರಳು ಹಾಸ್ ಹತ್ತಿರ ಇರಬಾರದು. ಹುಕ್ಕಿಗೆ ಸಿಕ್ಕಿಸಿಕೊಂಡ ಉದ್ದದ ಪಟ್ಟಿ ಹಿಡಿದು ಸುತ್ತಿಸಿ.