ಅಪ್‌ಡೇಟ್: ಅಜ್ಜನ ಕ್ಯಾಮೆರಾ ಕೊನೆಗೂ ಮಾರಾಟವಾಯಿತು

ಅಜ್ಜನ ಹಳೇ ಫಿಲ್ಮ್ ಕ್ಯಾಮೆರಾವನ್ನು ಇಬೇ ಅನ್ನೋ ಆನ್‌ಲೈನ್ ಮಾರಾಟ ತಾಣದಲ್ಲಿ ಯಾವಾಗ ಹರಾಜಿಗೆ ಹಾಕಲಿ ಅಂತ ಇಲ್ಲಿ ಕೇಳಿದ್ದೆ, ನೆನಪಿದೆಯಾ? ಮೊದಲ ಸಲ ಮಂಗಳವಾರ ನಡುರಾತ್ರಿ, 7 ದಿನಕ್ಕೆ ಅಂತ ಸುಮ್ನೆ ಹಾಕಿಬಿಟ್ಟಿದ್ದೆ. ಯಾವ ಗಂಟೆಗೆ ಶುರುವಾಯಿತೋ, ಕೊನೆಯ ದಿನ ಅದೇ ಗಂಟೆಗೆ ಹರಾಜು ಮುಗಿಯುತ್ತದೆ ಅನ್ನೋದು ಹೊಳೆದೇ ಇರಲಿಲ್ಲ, ಕೊಳ್ಳುವವರು ಮಲಗಿದ್ದಾಗ ಮುಗಿದು, ರಿಸರ್ವ್ ಬೆಲೆಯನ್ನೂ (ಇದಕ್ಕಿಂತ ಕಡಿಮೆಗೆ ಕೊಡಲ್ಲ ಅಂತ ನಾನಿಟ್ಟಿದ್ದ ಕನಿಷ್ಠ ಬೆಲೆ) ಮುಟ್ಟಲಿಲ್ಲ.

ಈ ಸಲ ನಿಮ್ಮ ಮಾತು ಕೇಳಿದೆ. ಗುರುವಾರ ಸಂಜೆ ಶುರು, 10 ದಿನ, ಭಾನುವಾರ ಸಂಜೆ ಮುಕ್ತಾಯ, ನಡುವೆ ಎರಡು ವಾರಾಂತ್ಯ. ಅದಕ್ಕೂ ಮೊದಲು ಎರಡು ವಾರ ಕಾದೆ, ಯಾಕಂದ್ರೆ ಅದೇ ಮಾಡೆಲ್ಲಿನ ಇನ್ನೆರಡು ಕ್ಯಾಮೆರಾ ಹರಾಜಿನಲ್ಲಿದ್ದವು. ನನ್ನ ಪ್ರಕಾರ ವಾರ, ಗಂಟೆಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಕಾಯುವಿಕೆಯೇ. ಇಬೇಯಲ್ಲಿ ಗೆದ್ದವರು ಎಷ್ಟೇ ದೊಡ್ಡ ಮೊತ್ತ ಹಾಕಿರಲಿ, ಬೆಲೆ ಸಾಮಾನ್ಯವಾಗಿ ನಿಲ್ಲುವುದು ಎರಡನೆಯವರ ಮೊತ್ತಕ್ಕಿಂತ ಒಂದು ಮೆಟ್ಟಿಲು (ಒಂದು ಸಲಕ್ಕೆ ಏರಿಸಬೇಕಾದ ನಿಗದಿತ ಮೊತ್ತ) ಮೇಲೆ ಮಾತ್ರ, ಹಾಗಾಗಿ ನಿಜವಾಗಿ ಬೇಕು ಅನ್ನುವ ಇಬ್ಬರಾದರೂ ಒಂದೇ ವಸ್ತುವಿನ ಹಿಂದೆ ಇರಬೇಕು ಅಲ್ವಾ.

ಒಂಬತ್ತು ದಿನ ಬೆಲೆ ಅಲ್ಲಾಡಲಿಲ್ಲ, ತುಂಬಾ ಭಯವಾಗಿತ್ತು. ಕೊನೆಯ ನಿಮಿಷದಲ್ಲಿ ಮೂವರು ಪೈಪೋಟಿಗೆ ಬಿದ್ದರು, ರಿಸರ್ವ್ ದಾಟಿ ಚೆನ್ನಾಗಿ ಮೇಲೆ ಹೋಯಿತು. ಹಣ ಬಂದಿದೆ, ನಾಳೆ ಪಾರ್ಸೆಲ್ ಕಳಿಸುತ್ತೇನೆ. ಕೊಂಡವರು ಅದರಲ್ಲಿ ಇನ್ನೂ ಫೋಟೋ ತೆಗೆಯುತ್ತಾರಂತೆ, ಕೇಳಿ ಬಹಳ ಖುಷಿಯಾಯಿತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.